ಮಣೆ ಮೇಲೆ ನಿಂತು ಫ್ರಿಜ್ಜು ತೆಗೆಯುವ ಮನೆ

ಮೊನ್ನೆ ನಮ್ಮ ಲೈಬ್ರರಿಗೆ ತಣ್ಣೀರಿನ ಹೊಸ ಮೆಷಿನ್ನು ಬಂತು. ಲೋಟ ಒಡ್ಡುವ ಮೊದಲು ನಾನು ಅದರ ಮೈಯನ್ನು ಅಂಗೈ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡಿದೆ. ಹಿಂದೆ ನಿಂತಿದ್ದ ಕಾಮರ್ಸ್ ಮೇಡಂ ಕೇಳಿದರು, "ಏನ್ರೀ, ಅದಕ್ಕೆ ಜ್ವರ ಬಂದಿದ್ಯಾ?"

"ನಾರ್ಮಲ್ಲಾಗಿದೆ ಮೇಡಂ, ರಾತ್ರಿ ಗಂಜಿ ಕೊಡಿ ಸಾಕು," ಎಂದೆ, ನಮ್ಮೂರ ಕಾಂಪೌಂಡರ್ ದನಿಯಲ್ಲಿ. ಮೂರು ಜನ ನಕ್ಕರು. ಮೂವರನ್ನೂ ಲೈಬ್ರೇರಿಯನ್ನರು ಕನ್ನಡಕದ ಮೇಲಿಂದ ನೋಡಿದರು.

ನನ್ನ ಹಣೆಬರಹ ನೋಡಿ. ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿ ಅಸಿಸ್ಟೆಂಟು. ಕಂಡವರನ್ನೆಲ್ಲ ಅಣಕಿಸಿ ಮಾತಾಡುವ ಚಟದವನಿಗೆ ಸಿಕ್ಕಿದ್ದು 'ಸದ್ದು ಮಾಡಬೇಡಿ' ಎಂದು ನಾಲ್ಕು ಕಡೆ ಬೋರ್ಡು ಹಾಕಿರುವ ಜಾಗ. ಮೀನುಗಾರನನ್ನು ತಂದು ಮರಳುಗಾಡಿನಲ್ಲಿ ಕೂರಿಸಿದ ಹಾಗೆ.

ಆದರೆ ಮೆಷಿನ್ನು ಮುಟ್ಟಿದ್ದು ತಮಾಷೆಗಲ್ಲ. ನನ್ನ ಕೈ ತಾನಾಗಿಯೇ ಹಾಗೆ ಮಾಡುತ್ತದೆ. ನಲ್ಲಿ, ಕಬ್ಬಿಣದ ಬೀರು, ಗೆಳೆಯನ ಮನೆ ಮಿಕ್ಸಿ, ಬಸ್ಸಿನ ಕಂಬಿ, ಎಲ್ಲವನ್ನೂ ಮೊದಲು ಅಂಗೈ ಹಿಂಬದಿಯಿಂದ ಸವರಿ ಆಮೇಲೆ ಹಿಡಿಯುತ್ತೇನೆ. ಅಂಗೈಯಿಂದ ಮುಟ್ಟಿದರೆ, ಒಳಗೆ ಕರೆಂಟಿದ್ದರೆ, ಬೆರಳುಗಳು ಮುದುರಿಕೊಂಡು ಅದನ್ನೇ ಹಿಡಿದುಬಿಡುತ್ತವೆ. ಹಿಂಬದಿಯಿಂದ ಮುಟ್ಟಿದರೆ ಮುದುರಿಕೊಂಡ ಕೈ ಈಚೆಗೆ ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮಪ್ಪ. ಬೇರೆ ಮನೆಗಳಲ್ಲಿ ಅಪ್ಪಂದಿರು ಮಕ್ಕಳಿಗೆ ಸೈಕಲ್ ಕಲಿಸುತ್ತಾರೆ.

ಗುಬ್ಬಿಯಲ್ಲಿರುವ ನಮ್ಮ ಮನೆ ತಾತ ಕಟ್ಟಿಸಿದ್ದು. ಕಟ್ಟಿಸಿದ ಎಷ್ಟೋ ವರ್ಷದ ಮೇಲೆ ಅದಕ್ಕೆ ಕರೆಂಟು ಬಂತು. ಹಾಗಾಗಿ ನಮ್ಮ ವೈರುಗಳು ಈಗಿನವರ ಮನೆಯಂತೆ ಗೋಡೆಯೊಳಗೆ ನಾಚಿಕೊಂಡು ಅವಿತುಕೊಂಡಿರಲಿಲ್ಲ. ಗೋಡೆಯ ಮೇಲೆಯೇ, ನಾಲ್ಕು ಜನಕ್ಕೆ ಕಾಣುವಂತೆ ಓಡಾಡುತ್ತಿದ್ದವು. ಎರಡು ಬೆರಳಗಲದ ತೇಗದ ಪಟ್ಟಿ. ಅದರ ಮೇಲೆ ಗಂಡಹೆಂಡಿರಂತೆ ಪಕ್ಕಪಕ್ಕ ಮಲಗಿದ ಎರಡು ವೈರು. ಅವು ಜಗಳ ಮಾಡಿಕೊಂಡು ಬೇರೆಯಾಗದಂತೆ ಗೇಣಿಗೆ ಮೂರರ ಲೆಕ್ಕದಲ್ಲಿ ತಬ್ಬಿಕೊಂಡ ತಗಡಿನ ಕ್ಲಿಪ್ಪು. ಹಬ್ಬಕ್ಕೆ ಗೋಡೆಗೆ ಸುಣ್ಣ ಬಣ್ಣ ಬಳಿಯುವವರು ಪಟ್ಟಿಯನ್ನೂ ಬಿಡದೆ ಬಳಿದುಬಿಡುತ್ತಿದ್ದರು. ಉಗುರಿನಿಂದ ಕೆರೆದರೆ ಮೇಲೆ ಹಸಿರು, ಅದರಡಿ ನೀಲಿ, ಅದರಡಿ ಅಕ್ಕ ಹುಟ್ಟಿದ ವರ್ಷದ ಹಳದಿ. ಚಿಕ್ಕಂದಿನಲ್ಲಿ ಹಾಗೆ ಕೆರೆದು ಕೆರೆದು ನಾನು ವೈರಿನ ರಬ್ಬರನ್ನೂ ಒಂದಿಷ್ಟು ಕೆರೆದಿದ್ದೇನೆ. ಈ ಪಾಪದಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ.

ಸ್ವಿಚ್ಚುಗಳು ಕಪ್ಪಗೆ, ಗುಂಡಗೆ, ನಡುವೆ ಮೂಗಿನಂಥದ್ದೊಂದು ಗುಬುಟು. ಕೆಳಗೆ ಒತ್ತಿದರೆ ಎದುರು ಮನೆಗೆ ಕೇಳುವಂತೆ ಠಕ್ಕೆಂದು ಹೊಡೆಯುತ್ತಿದ್ದವು. ಸಂಜೆ ಹೊತ್ತು ಆ ಠಕ್ ಕೇಳಿದೊಡನೆ ಎಲ್ಲರೂ ಬಲ್ಬಿಗೆ ಕೈಮುಗಿಯಬೇಕು. ಅಪ್ಪನ ಹಳೇ ರೇಡಿಯೋಗೆ ಪ್ಲಗ್ಗೇ ಇರಲಿಲ್ಲ. ಎರಡು ವೈರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಎರಡು ಬೆಂಕಿಕಡ್ಡಿ ಚುಚ್ಚುತ್ತಿದ್ದರು. ಅಡುಗೆಮನೆಗೂ ಬಚ್ಚಲಿಗೂ ಸೇರಿ ಒಂದೇ ಬಲ್ಬು. ನಡುಗೋಡೆಯಲ್ಲಿ ಒಂದು ಗೂಡು ಕೊರೆದು, ಎರಡೂ ಕಡೆ ಬೆಳಕು ಬೀಳಲಿ ಎಂದು ಅದರೊಳಗೆ ಬಲ್ಬನ್ನು ತೂಗುಬಿಟ್ಟಿದ್ದರು. ಸ್ವಿಚ್ಚು ಮಾತ್ರ ಅಡುಗೆಮನೆ ಕಡೆ. ಸಾರಿಗೆ ಒಗ್ಗರಣೆ ಬಿದ್ದು ಅಮ್ಮ ದೀಪ ಆರಿಸಿದಳೆಂದರೆ, ಬಚ್ಚಲಲ್ಲಿ ತಲೆಗೆ ಸೋಪು ಹಾಕಿಕೊಂಡವನ ಗತಿ ಗೋವಿಂದ.

"ಅಮ್ಮಾ, ಲೈಟು!"

"ನಿನ್ ಮೈ ಎಲ್ಲೆಲ್ಲಿದೆ ಅಂತ ನಿಂಗ್ ಗೊತ್ತಿಲ್ವೇನೋ? ತಡಕ್ಕೊಂಡು ತೊಳ್ಕೊ!"

ಇಂಥ ಮನೆಗೆ ಫ್ರಿಜ್ಜು ಬಂತು, ನಡುಮನೆಯಲ್ಲಿ ನಿಂತಿತು. ಬಂದ ತಿಂಗಳಿಗೇ ಅದರ ಬಾಗಿಲು ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು. ಬೇರೆಯವರಾಗಿದ್ದರೆ ವೈರಿಂಗ್ ಮಾಡುವವರನ್ನು ಕರೆಯುತ್ತಿದ್ದರು. ನಮ್ಮಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು. ದೇವರಮನೆಯಿಂದ ಒಂದು ಹಲಸಿನ ಮಣೆ ತಂದು ಫ್ರಿಜ್ಜಿನ ಮುಂದೆ ಇಟ್ಟರು.

"ಮರ ಅವಾಹಕ. ಕರೆಂಟು ದೇಹದ ಮೂಲಕ ಭೂಮಿಗೆ ಹೋಗೋಕೆ ದಾರಿ ಹುಡುಕುತ್ತೆ. ಮಣೆ ಮೇಲೆ ನಿಂತರೆ ದಾರಿ ಬಂದ್. ಮುಗೀತು," ಎಂದು ಕೈ ಕೊಡವಿದರು. ಬೋರ್ಡು ಒರೆಸಿದ ಮೇಲೆ ಸೀಮೆಸುಣ್ಣದ ಪುಡಿ ಕೊಡವುವ ಅಭ್ಯಾಸ ಅವರ ಕೈಯಿಂದ ಇನ್ನೂ ಹೋಗಿರಲಿಲ್ಲ.

ಮುಗಿಯಿತು ಎಂದರೆ ನಿಜಕ್ಕೂ ಮುಗಿಯಿತು. ಹತ್ತು ಹನ್ನೆರಡು ವರ್ಷ ನಾವು ಮಣೆ ಮೇಲೆ ನಿಂತು ಹಾಲು, ಮೊಸರು, ದೋಸೆಹಿಟ್ಟು ತೆಗೆದೆವು. ನೆಂಟರಿಗೆ ಅಮ್ಮ ಕಾಲು ತೊಳೆಯಲು ನೀರು ಕೊಟ್ಟೊಡನೆ ಹೇಳುತ್ತಿದ್ದ ಎರಡನೇ ಮಾತೇ ಅದು: "ನೀರು ಬೇಕಂದ್ರೆ ಮಣೆ ಮೇಲೆ ನಿಂತ್ಕೊಂಡು ತಗೊಳಿ." ಗ್ರೈಂಡರಿಗೆ ಹವಾಯಿ ಚಪ್ಪಲಿ. ಗೀಜರ್ ಆರಿಸಿ, ಎರಡು ನಿಮಿಷ ಬಿಟ್ಟು, ನಲ್ಲಿಗೊಂದು ಹಿಂಬದಿ ಕೈ ತಾಗಿಸಿ, ಆಮೇಲೆ ಸ್ನಾನ. ನಮಗೆ ಇದ್ಯಾವುದೂ ವಿಚಿತ್ರವೆನಿಸಲೇ ಇಲ್ಲ. ಶಾಕಿನಲ್ಲೂ ನಾವು ಮೂರು ದರ್ಜೆ ಮಾಡಿಕೊಂಡಿದ್ದೆವು: ಜುಮ್ಮೆಂದಿತು, ಚುರುಕ್ಕೆಂದಿತು, ಹೊಡೆಯಿತು. ಮೊದಲೆರಡನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಸೊಳ್ಳೆ ಕಚ್ಚಿದ್ದನ್ನೆಲ್ಲ ಹೇಳಿಕೊಂಡು ತಿರುಗುತ್ತಾರೆಯೇ?

ನನಗಂತೂ ಅದು ಕಚ್ಚಾಮಾಲು. ಒಬ್ಬೊಬ್ಬರದೂ ಒಂದೊಂದು ಶಾಕು. ಅಪ್ಪನಿಗೆ ಹೊಡೆದರೆ "ಹಬಾ!" ಎಂದು ಒಂದು ಸದ್ದು, ಅದರ ಬೆನ್ನಿಗೇ ಏನೂ ಆಗದವರಂತೆ "ಲೀಕೇಜು" ಎಂಬ ವಿವರಣೆ. ಅಮ್ಮನದು "ಶಿವ್‌ಶಿವಾ!" ಮತ್ತು ಆ ಹೊತ್ತಿಗೆ ಊರಿನಲ್ಲೇ ಇಲ್ಲದ ಯಾರಿಗೋ ಒಂದು ಬೈಗುಳ. ಅಕ್ಕನದು "ಅಮ್ಮಾ" ಎಂಬ ಉದ್ದನೆಯ ರಾಗ. ಭಾವನದು ಎಲ್ಲಕ್ಕಿಂತ ಚೆಂದ. ಅಳಿಯ ಅತ್ತೆ ಮನೆಯಲ್ಲಿ ಕೂಗಿಕೊಳ್ಳುವಂತಿಲ್ಲವಲ್ಲ! "ಹ್ಮ್‌ಮ್‌ಮ್" ಎಂದು ಒಳಗೇ ನುಂಗಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಏನಿಲ್ಲ ಅತ್ತೆ, ಏನಿಲ್ಲ, ನೀರು ತಣ್ಣಗಿದೆ" ಎನ್ನುತ್ತಿದ್ದರು.

ಭಾನುವಾರ ನಾನು ರೈಲು ಹತ್ತಿ ಗುಬ್ಬಿಗೆ ಬಂದೆನೆಂದರೆ ಇದೇ ಆಟ. ಫ್ರಿಜ್ಜಿನ ಹತ್ತಿರ ಹೋಗಿ ಯಾರದಾದರೂ ಶಾಕು ಕೂಗುವುದು. ಬೇರೆ ಬೇರೆ ಕೋಣೆಗಳಲ್ಲಿರುವವರು ಅಲ್ಲಿಂದಲೇ ಗುರುತು ಹಿಡಿಯುವುದು. "ಅಪ್ಪಂದು!" "ಅಲ್ಲ, ಭಾವಂದು!" ನಿಜವಾಗಿ ಹೊಡೆದಾಗಲೂ ನಾನು ಬೇರೆಯವರ ದನಿಯಲ್ಲೇ ಕೂಗುತ್ತಿದ್ದೆ. ನನ್ನ ಸ್ವಂತ ಶಾಕು ಹೇಗಿರುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ.

ಈ ಆಟಕ್ಕೆ ಸೇರದವಳು ಒಬ್ಬಳೇ, ಅಪ್ಪನ ತಾಯಿ, ನಮ್ಮಜ್ಜಿ. ಅಜ್ಜಿಯ ಎರಡೂ ಕಿವಿ ಹೋಗಿ ವರ್ಷಗಳಾಗಿದ್ದವು; ಕಿವಿಗೇ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳುತ್ತಿತ್ತು, ಅಷ್ಟೇ. ನಾನು ಊರಿನವರನ್ನೆಲ್ಲ ಅವಳ ಮುಂದೆ ಕುಣಿಸಿದರೂ ಅವಳ ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. "ಏನ್ಲಾ ಅದು, ಬಾಯ್ ತೆಕ್ಕಂಡು? ಹಲ್ಲು ನೋವಾ?" ಎಂದು ಕೇಳುವಳು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನಡುಮನೆಯ ಮೂಲೆಯಲ್ಲಿ ಅವಳದೊಂದು ಚಾಪೆ. ಪಕ್ಕದಲ್ಲಿ ತುದಿ ಸೀಳಿ ನಿವೃತ್ತಿಯಾದ ಒಂದು ಮುದ್ದೆ ಕೋಲು. ಬೆಕ್ಕು ಓಡಿಸುವುದು ಈಗ ಅದರ ಉದ್ಯೋಗ. ಫ್ರಿಜ್ಜನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಅವಳಿಗೆ ಗಡಿಗೆ ನೀರೇ ಆಗಬೇಕು.

ಹೀಗಿರುವಾಗ ಅಕ್ಕನಿಗೆ ಮಗುವಾಯಿತು. ಹುಟ್ಟಿದ್ದು ಕುಣಿಗಲ್ಲಿನ ಅತ್ತೆ ಮನೆಯಲ್ಲಿ. ಆರು ತಿಂಗಳಾದ ಮೇಲೆ ಒಂದಿಷ್ಟು ದಿನ ಇರಲೆಂದು ಪುಟ್ಟಿಯನ್ನು ಕರೆದುಕೊಂಡು ಗುಬ್ಬಿಗೆ ಬಂದಳು. ಬಂದ ದಿನವೇ ಫ್ರಿಜ್ಜಿನ ಮುಂದಿನ ಮಣೆ ನೋಡಿ ನಿಂತುಬಿಟ್ಟಳು. ಹತ್ತು ಹನ್ನೆರಡು ವರ್ಷದಿಂದ ಕಂಡ ಮಣೆ. ಆದರೆ ಈಗ ಕಂಕುಳಲ್ಲಿ ಮಗುವಿತ್ತು.

"ಅಪ್ಪ, ಇವ್ಳು ಇನ್ನೊಂದೆರಡು ತಿಂಗಳಿಗೆ ಅಂಬೆಗಾಲು ಹಾಕ್ತಾಳೆ. ಕಂಡಿದ್ದನ್ನೆಲ್ಲ ಹಿಡ್ಕೊಂಡು ನಿಂತ್ಕೊಳ್ತಾಳೆ. ಅವ್ಳಿಗೂ ಒಂದ್ ಮಣೆ ಕಟ್ತೀರಾ ಕಾಲಿಗೆ?"

ಅಪ್ಪ ಪೇಪರು ಮಡಚಲಿಲ್ಲ. "ನೀವಿಬ್ರೂ ಅಂಬೆಗಾಲು ಹಾಕಿದ್ದು ಇದೇ ಮನೇಲೇ ಕಣಮ್ಮ."

"ಆಗ ಫ್ರಿಜ್ ಇತ್ತಾ?"

ಅಪ್ಪ ಪೇಪರು ಮಡಚಿದರು. ಮುಂದಿನ ಭಾನುವಾರವೇ ಕುಣಿಗಲ್ಲಿನಿಂದ ನಂಜುಂಡಣ್ಣ ಬಂದರು. ಭಾವನ ಮನೆಯ ವೈರಿಂಗ್ ಮಾಡಿದವರು. ಬೆಳಗಿನ ಬಸ್ಸಿಗೇ ಬಂದು, ಚೀಲ ಇಳಿಸಿ, ಟೆಸ್ಟರನ್ನು ಹಲ್ಲಲ್ಲಿ ಕಚ್ಚಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ಹಾಕಿದರು. ನಾನು ಹಿಂದೆ ಹಿಂದೆಯೇ. ನಂಜುಂಡಣ್ಣನಂಥ ಮಾಲು ನನ್ನ ಕೈಗೆ ಅದುವರೆಗೆ ಸಿಕ್ಕಿರಲಿಲ್ಲ. ಟೆಸ್ಟರ್ ಬಾಯಲ್ಲಿರುವುದರಿಂದ ಮಾತೆಲ್ಲ ಒಂದು ಕಡೆಯಿಂದ ಸೋರುತ್ತಿತ್ತು. ಹೇಳಿದ್ದನ್ನೆಲ್ಲ ಎರಡು ಸಲ ಹೇಳುತ್ತಿದ್ದರು. ಪ್ರತಿ ಸ್ವಿಚ್ಚಿನ ಮುಂದೆಯೂ, ಹೆಣ ನೋಡಲು ಬಂದವರಂತೆ, ಚ್ಚ್ ಚ್ಚ್ ಎಂದು ತಲೆಯಾಡಿಸುತ್ತಿದ್ದರು.

"ಹೋಗ್‌ಬುಟ್ಟೈತೆ ಮೇಷ್ಟ್ರೇ, ಹೋಗ್‌ಬುಟ್ಟೈತೆ. ರಬ್ಬರ್ ಮುಟ್ಟುದ್ರೆ ಉದುರ್ತೈತೆ, ಉದುರ್ತೈತೆ. ಅರ್ಥಿಂಗ್ ಇಲ್ವೇ ಇಲ್ಲ, ಇಲ್ವೇ ಇಲ್ಲ."

"ಅರ್ಥಿಂಗ್ ಇದೆ," ಎಂದರು ಅಪ್ಪ, ಚುರುಕಾಗಿ. "ನಲ್ಲಿ ಪೈಪಿಗೆ ಕೊಟ್ಟಿದೆ. ನಮ್ಮ ತಂದೆ ಕಾಲದಿಂದ ಇದೆ. ಕಬ್ಬಿಣದ ಪೈಪು ಸೀದಾ ಭೂಮಿಗೆ ಹೋಗುತ್ತೆ."

"ಇದ್ರೆ ಟೆಸ್ಟರ್ ಫ್ರಿಜ್ ಮೈಮೇಲೆ ಹಿಂಗ್ ಹತ್ಕಳಲ್ಲ ಮೇಷ್ಟ್ರೇ, ಹತ್ಕಳಲ್ಲ. ಮಗು ಐತೆ ಮನೇಲಿ. ಎಲ್ಲ ಕಿತ್ತಾಕಿ ಹೊಸ್ದಾಗ್ ಮಾಡಾನ, ಹೊಸ್ದಾಗ್ ಮಾಡಾನ."

"ಆ ಪಟ್ಟಿ ತೇಗ ಕಣಯ್ಯ," ಎಂದರು ಅಪ್ಪ. ಅದೊಂದೇ ಮಾತು. ಆದರೆ ಅದರೊಳಗೆ ತಾತ ಇದ್ದರು. ಆ ಪಟ್ಟಿಗಳನ್ನು ತಾತ ತಾವೇ ನಿಂತು ಕೊಯ್ಯಿಸಿದ್ದರಂತೆ.

"ಯೋಚ್ನೆ ಮಾಡಿ ಹೇಳ್ತೀನಿ" ಎಂದು ಅಪ್ಪ ಅವರನ್ನು ಕಳಿಸಿಕೊಟ್ಟರು. ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಅಪ್ಪ ನಿಜವಾಗಿಯೂ ಯೋಚನೆ ಮಾಡುತ್ತಿದ್ದರೋ ಏನೋ. ಅವರ ಮುಖ ಸ್ವಲ್ಪ ಸಣ್ಣಗಾಗಿತ್ತು. ಎರಡು ಸಲ ಹೋಗಿ ಫ್ರಿಜ್ಜನ್ನು ಹಿಂಬದಿ ಕೈಯಿಂದ ಮುಟ್ಟಿ ಬಂದಿದ್ದರು.

ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಎಡಗೈಯಲ್ಲಿ ಒಂದು ಚಮಚ ತೆಗೆದುಕೊಂಡು ಹಲ್ಲಲ್ಲಿ ಕಚ್ಚಿದೆ.

"ಹೋಗ್‌ಬುಟ್ಟೈತೆ ಮೇಷ್ಟ್ರೇ, ಹೋಗ್‌ಬುಟ್ಟೈತೆ. ಸಾರಲ್ಲಿ ಉಪ್ಪು ಇಲ್ವೇ ಇಲ್ಲ, ಇಲ್ವೇ ಇಲ್ಲ. ಚ್ಚ್ ಚ್ಚ್. ಈ ಅನ್ನ ಮುಟ್ಟುದ್ರೆ ಉದುರ್ತೈತೆ, ಉದುರ್ತೈತೆ. ಎಲ್ಲ ಕಿತ್ತಾಕಿ ಹೊಸ್ದಾಗ್ ಅಡ್ಗೆ ಮಾಡಾನ!"

ಅಪ್ಪನಿಗೆ ಅನ್ನ ನೆತ್ತಿಗೆ ಹತ್ತುವಷ್ಟು ನಗು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಬೇಡ ಬೇಡ ಎನ್ನುತ್ತಲೇ ಅಕ್ಕನೂ ನಕ್ಕಳು. ತಾಯಿ ನಕ್ಕಿದ್ದಕ್ಕೆ ಮಗುವೂ ನಕ್ಕಿತು. ಸಂಜೆಯ ತನಕ ಅದೇ. ಅಪ್ಪ ಚಪ್ಪಲಿ ಹುಡುಕುತ್ತಾ "ಹೋಗ್‌ಬುಟ್ಟೈತೆ, ಹೋಗ್‌ಬುಟ್ಟೈತೆ" ಎನ್ನುತ್ತಿದ್ದರು. ಅವರ ಸಣ್ಣಗಾದ ಮುಖ ಮತ್ತೆ ಮೊದಲಿನಷ್ಟಾಯಿತು. ನಂಜುಂಡಣ್ಣ ಬಿಟ್ಟುಹೋಗಿದ್ದ ಎಚ್ಚರಿಕೆಯನ್ನು ನಾನು ಹೀಗೆ ಒಂದೇ ಊಟದಲ್ಲಿ ಕೊಂದುಹಾಕಿದೆ. ಕೊಂದದ್ದಕ್ಕೆ ಚಪ್ಪಾಳೆಯನ್ನೂ ತೆಗೆದುಕೊಂಡೆ. ಆಮೇಲೆ ಯಾರಾದರೂ ವೈರಿಂಗ್ ಮಾತೆತ್ತಿದರೆ ಸಾಕು, ಯಾರಾದರೊಬ್ಬರು ಚ್ಚ್ ಚ್ಚ್ ಎನ್ನುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅಕ್ಕ ಮಾತ್ರ ದಿನಕ್ಕೊಮ್ಮೆ ಮಗುವಿನ ಮಂಡಿ ನೋಡುತ್ತಿದ್ದಳು, ತರಚಿದೆಯೇ ಎಂದು.

ಮಂಡಿ ತರಚಿತು. ಎಂಟನೇ ತಿಂಗಳಿಗೆ ಪುಟ್ಟಿ ಅಂಬೆಗಾಲಿನಲ್ಲಿ ಮನೆಯನ್ನೆಲ್ಲ ಅಳೆಯತೊಡಗಿದಳು. ಕಂಡ ಕಾಲನ್ನು ಹಿಡಿದುಕೊಂಡು ಎದ್ದು ನಿಲ್ಲುವುದು ಅವಳ ಹೊಸ ವಿದ್ಯೆ. ಮೇಷ್ಟ್ರ ಕಾಲು, ಮಂಚದ ಕಾಲು ಎಂಬ ಭೇದವಿಲ್ಲ. ಅಮ್ಮ ಫ್ರಿಜ್ಜಿನ ಮುಂದೆ ಅಕ್ಕಿ ಡಬ್ಬ, ಮೊರ ಅಡ್ಡ ಇಟ್ಟು ಕೋಟೆ ಕಟ್ಟಿದಳು. ಅಪ್ಪ ಅದನ್ನೂ ಒಪ್ಪಿಕೊಂಡರು. ನಮ್ಮ ಮನೆಯಲ್ಲಿ ಕಾಯಿಲೆಗೆ ಔಷಧಿ ಬಿಟ್ಟು ಬೇರೆಲ್ಲ ಮಾಡುತ್ತಿದ್ದೆವು.

ಅದೊಂದು ಭಾನುವಾರ. ಅವರೆಕಾಯಿ ಕಾಲ. ಅಜ್ಜಿ ತನ್ನ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅಪ್ಪ ಜಗಲಿಯಲ್ಲಿ ಪೇಪರಿನೊಂದಿಗೆ, ಅಮ್ಮ ಒಲೆಯ ಮುಂದೆ, ಇಬ್ಬರೂ ಅಜ್ಜಿಯ ಮೂಲೆಗೆ ಕಾಣುವಂತೆ. ಅಕ್ಕ ಆಗತಾನೆ ಮಗುವಿಗೆ ನೀರು ಹಾಕಿ, ನಡುಮನೆಯಲ್ಲಿ ಬಿಟ್ಟು, ತಾನು ಸ್ನಾನಕ್ಕೆ ಹೋಗಿದ್ದಳು. ಮಗುವಿಗೆ ನೀರು ಹಾಕಲು ಕೂರುವುದಕ್ಕೆ ಬಚ್ಚಲ ಮಣೆ ಸಿಗದೆ, ಫ್ರಿಜ್ಜಿನ ಮಣೆಯನ್ನೇ ಎಳೆದುಕೊಂಡು ಹೋಗಿದ್ದಳಂತೆ. ಕೆಲಸ ಮುಗಿದ ಮೇಲೆ, ಪಾಪ, ನಮ್ಮ ಮನೆಯ ಶಿಸ್ತಿನಂತೆ ತಂದು ಅದರ ಜಾಗದಲ್ಲೇ ಇಟ್ಟಿದ್ದಳು. ಒದ್ದೆ ಮಣೆ, ಅದರ ಕೆಳಗೆ ಹರಿದ ನೀರು.

ನನಗೆ ಮಜ್ಜಿಗೆ ಬೇಕಾಗಿತ್ತು. ಅಕ್ಕಿ ಡಬ್ಬ ಸರಿಸಿದೆ. ಮಣೆ ಹತ್ತಿದೆ. ಕಾಲಿಗೆ ತಣ್ಣಗಾಯಿತು, ತಲೆಗೆ ಹೋಗಲಿಲ್ಲ. ಮಣೆ ಇದೆಯಲ್ಲ! ಮರ ಅವಾಹಕವಲ್ಲವೇ! ಹಿಂಬದಿ ಕೈ ಗಿಂಬದಿ ಕೈ ಎಲ್ಲ ಮರೆತು ಫ್ರಿಜ್ಜಿನ ಉಕ್ಕಿನ ಹಿಡಿಯನ್ನು ಅಂಗೈ ತುಂಬ ಹಿಡಿದೆ.

ಅದು ಜುಮ್ಮೆನ್ನಲಿಲ್ಲ. ಚುರುಕ್ಕೆನ್ನಲಿಲ್ಲ. ಹೊಡೆಯಲೂ ಇಲ್ಲ. ಹಿಡಿದುಕೊಂಡಿತು.

ನಾಲ್ಕನೆಯ ದರ್ಜೆಯೊಂದು ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಕೈ ನನ್ನದಾಗಿ ಉಳಿಯಲಿಲ್ಲ. ಬಿಡು ಎಂದರೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ದವಡೆ ಕಚ್ಚಿಕೊಂಡಿತು, ಎದೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಬಾಯಿಯಿಂದ ಒಂದು ಸದ್ದು ಬಂತು. "ಗ್ಗ್‌ಗ್‌ಗ್ಗ" ಎಂದು, ಪಂಪು ಗಾಳಿ ಎಳೆದುಕೊಂಡಂತೆ. ಅದು ಯಾರ ದನಿಯೂ ಆಗಿರಲಿಲ್ಲ.

ಜಗಲಿಯಿಂದ ಅಪ್ಪ ಕೂಗಿದರು, "ನಂಜುಂಡಂದು!"

ಅಡುಗೆಮನೆಯಿಂದ ಅಮ್ಮ, "ಅಲ್ಲ ಕಣ್ರೀ, ಅಳಿಯಂದ್ರುದು!"

ಬಚ್ಚಲಿಂದ, ತಲೆಗೆ ನೀರು ಸುರಿದುಕೊಳ್ಳುತ್ತಾ ಅಕ್ಕ, "ಹೊಸಾದು ಕಣೋ ಇದು! ಯಾರ್ದು? ಇನ್ನೊಂದ್ಸಲ ಮಾಡು!"

ಮಾಡಿದೆ. ಮಾಡದೆ ಬೇರೆ ದಾರಿಯಿರಲಿಲ್ಲ. ಮೂರು ಕೋಣೆಗಳಿಂದ ನಗು ಬಂತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲವೆಂದು ಅವರ ನಗುವಿನಲ್ಲೇ ತಿಳಿಯುತ್ತಿತ್ತು.

ಆಗ ನನಗೆ ಪುಟ್ಟಿ ಕಂಡಳು. ಮಾವ ನಿಂತಿದ್ದಾನೆ, ಮಾವನಿಗೆ ಎರಡು ಕಾಲಿವೆ, ಹಿಡಿದುಕೊಂಡು ಏಳಬಹುದು. ಅಕ್ಕಿ ಡಬ್ಬವನ್ನು ನಾನೇ ಸರಿಸಿದ್ದೆನಲ್ಲ; ಕೋಟೆಯ ಬಾಗಿಲು ಹಾರು ಹೊಡೆದಿತ್ತು. ಒದ್ದೆ ನೆಲದ ಮೇಲೆ ಅಂಗೈ ಪಟಪಟ ಬಡಿಯುತ್ತಾ ನಗುತ್ತಾ ಬರುತ್ತಿದ್ದಳು. ನನಗೆ ಊರಿನ ಎಲ್ಲರ ದನಿಯೂ ಬರುತ್ತದೆ. 'ಬರಬೇಡ' ಎನ್ನಲು ಒಂದೇ ಒಂದು ದನಿ ಬರಲಿಲ್ಲ.

ಮಾರುದ್ದ, ಅರ್ಧ ಮಾರು, ಗೇಣು.

ಏನು ಬಿತ್ತೆಂದು ಮೊದಲು ಗೊತ್ತಾಗಲಿಲ್ಲ. ಮಣಿಕಟ್ಟಿನ ಮೇಲೆ ಸಿಡಿಲು. ಕೈ ಬಿಟ್ಟುಕೊಂಡಿತು, ನಾನು ಹಿಂದಕ್ಕೆ ಅವರೆಕಾಯಿ ರಾಶಿಯ ಮೇಲೆ ಬಿದ್ದೆ. ಕಣ್ಣು ತೆರೆದರೆ ಅಜ್ಜಿ. ಒಂದು ಕೈಯಲ್ಲಿ ಮುದ್ದೆ ಕೋಲು. ಇನ್ನೊಂದು ಕೈಯಲ್ಲಿ, ರೆಟ್ಟೆ ಹಿಡಿದು ಎತ್ತಿದ ಪುಟ್ಟಿ, ಬೆಕ್ಕಿನ ಮರಿಯಂತೆ ಜೋಲಾಡುತ್ತಾ.

"ನಗ್ತಾ ಕುಂತವ್ರೆ! ಮುಂಡೇವು!" ಎಂದು ಅಜ್ಜಿ ಕಿರುಚಿದ್ದು ಮಾತ್ರ ಮನೆಯಲ್ಲಿದ್ದ ಎಲ್ಲರಿಗೂ ಸರಿಯಾಗಿ ಕೇಳಿಸಿತು.

ಶಾಕಿನಿಂದ ನನಗೇನೂ ಆಗಿರಲಿಲ್ಲವೆಂದು ಡಾಕ್ಟರು ಹೇಳಿದರು. ಕೈ ಮೂಳೆ ಬಿರುಕು ಬಿಟ್ಟಿದ್ದು ಮುದ್ದೆ ಕೋಲಿನಿಂದ. ಕಟ್ಟು ಹಾಕಿಸಿಕೊಂಡು ಬಂದು ಅಜ್ಜಿಯ ಪಕ್ಕ ಕೂತೆ. ಕಿವಿಯ ಹತ್ತಿರ ಬಾಯಿಟ್ಟು, ನನ್ನ ಸ್ವಂತ ದನಿಯಲ್ಲಿ ಕೇಳಿದೆ, "ನಿಂಗ್ ಹೆಂಗ್ ಗೊತ್ತಾಯ್ತಜ್ಜಿ?"

"ನಿನ್ ಕಾಲ್ಬೆರಳು ನೋಡ್ದೆ ಕಣ್ಲಾ. ನಗ್ಸಕ್ ಬಂದೋನ್ ಕಾಲ್ಬೆರಳು ಹಂಗ್ ಮುದುರ್ಕಣಲ್ಲ."

"ಮುಟ್ಟದೆ ಕೋಲಲ್ಲಿ ಹೊಡ್ದೆಯಲ್ಲ?"

"ಮೊದ್ಲು ದೀಪ ಬಂದ್ ದಿನ ನಿಮ್ತಾತ ಅದೊಂದೇ ಹೇಳ್ಕೊಟ್ಟಿದ್ರು. ಯಾರ್ನಾರ ಹಿಡ್ಕಂಡ್ರೆ ಮುಟ್‌ಬ್ಯಾಡ, ಒಣ್ಗಿದ್ ಕಟ್ಗೇಲಿ ಹೊಡಿ ಅಂತ." ಸ್ವಲ್ಪ ಹೊತ್ತು ಅವರೆಕಾಯಿ ಸುಲಿದು ಸೇರಿಸಿದಳು, "ಯಾರೂ ಹಿಡ್ಕಳ್ಳೇ ಇಲ್ಲ ಇಷ್ಟು ವರ್ಷ. ಮರ್ತೋಗ್‌ಬುಟ್ಟೈತೇನೋ ಅನ್ಕಂಡಿದ್ದೆ."

ಅಕ್ಕ ಆ ಸಂಜೆಯೇ ಕುಣಿಗಲ್ಲಿಗೆ ಹೊರಟಳು. ಜಗಳವಾಡಲಿಲ್ಲ. ಚೀಲದ ಜಿಪ್ಪು ಎಳೆಯುತ್ತಾ "ಇವ್ಳು ಈ ಮನೆಗೆ ಬರ್ಬೇಕೋ ಬೇಡ್ವೋ ನೀವೇ ಹೇಳಿ ಅಪ್ಪ" ಎಂದಳು, ಅಷ್ಟೇ. ನನ್ನ ಕಡೆ ತಿರುಗಿ "ಇನ್ನೊಂದ್ಸಲ ಮಾಡು ಅಂದೆನಲ್ಲೋ, ಮಂಜ" ಎಂದು ಅತ್ತಳು. ಅವಳಿಗಿಂತ ಮೊದಲು ಅಳಬೇಕಾಗಿದ್ದವನು ನಾನು. ಬಸ್ ಸ್ಟ್ಯಾಂಡಿನಿಂದ ವಾಪಸು ಬರುವಾಗ ಅಪ್ಪ ಯಾರಿಗೋ ಫೋನು ಮಾಡಿದರು. "ನಂಜುಂಡಪ್ಪನವರಾ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಅಪ್ಪ ಬಹುವಚನ ಹಚ್ಚಿದ್ದರು.

ನಂಜುಂಡಣ್ಣ ಇಬ್ಬರು ಆಳುಗಳೊಂದಿಗೆ ಬಂದು ಪಟ್ಟಿ ಕೀಳತೊಡಗಿದರು. ಮೊಳೆ ಕಿರ್ರೆಂದಾಗಲೆಲ್ಲ ಅಪ್ಪ ಎದ್ದು ಒಳಗೆ ಹೋಗಿ ಬರುತ್ತಿದ್ದರು. ಪಟ್ಟಿ ಕಿತ್ತು ಬಂದ ಜಾಗದಲ್ಲಿ ತಾತನ ಕಾಲದ ಬಿಳಿ ಸುಣ್ಣ ಹಾಗೇ ಇತ್ತು, ಗೋಡೆಗೆ ವಿಭೂತಿ ಪಟ್ಟೆ ಎಳೆದಂತೆ.

"ಮೇಷ್ಟ್ರೇ, ಅರ್ಥಿಂಗ್ ಪೈಪಿಗೆ ಐತೆ ಅಂದ್ರಲ್ಲ, ತೋರ್ಸಿ ನೋಡಾನ," ಎಂದರು ನಂಜುಂಡಣ್ಣ.

ಅಪ್ಪ ಹೆಮ್ಮೆಯಿಂದಲೇ ಹಿತ್ತಿಲಿಗೆ ಕರೆದುಕೊಂಡು ಹೋದರು. ಗೋಡೆಯಿಂದ ಇಳಿದ ತಾಮ್ರದ ತಂತಿ, ನಲ್ಲಿ ಪೈಪಿಗೆ ಏಳೆಂಟು ಸುತ್ತು, ಬಿಗಿಯಾದ ಗಂಟು, ಮೇಲೊಂದು ಕ್ಲಾಂಪು. ಎಷ್ಟು ಚೊಕ್ಕವಾಗಿ ಕಟ್ಟಿತ್ತೆಂದರೆ ಪ್ರಾಕ್ಟಿಕಲ್ಲಿನಲ್ಲಿ ಪೂರ್ತಿ ಮಾರ್ಕು ಕೊಡಬಹುದಿತ್ತು.

ನಂಜುಂಡಣ್ಣ ಬಾಯಿಯಿಂದ ಟೆಸ್ಟರ್ ತೆಗೆದರು. ಅದರ ಹಿಡಿಯಿಂದ ಪೈಪಿಗೆ ಎರಡು ಸಲ ತಟ್ಟಿದರು. ಟೊಕ್, ಟೊಕ್. ಕಬ್ಬಿಣ ಹಾಗೆ ಸದ್ದು ಮಾಡುವುದಿಲ್ಲ.

ಹಳೇ ಪೈಪು ತುಕ್ಕು ಹಿಡಿದಿದೆ ಎಂದು ಫ್ರಿಜ್ಜು ಬಂದ ವರ್ಷವೇ ಪೈಪು ಬದಲಾಯಿಸಿದ್ದೆವು. ಪ್ಲಂಬರು ಕಿತ್ತೆಸೆದಿದ್ದ ತಂತಿಯನ್ನು ಅಪ್ಪನೇ ಕೂತು ಹೊಸ ಪೈಪಿಗೆ ಸುತ್ತಿದ್ದರು. ಹೊಸದು ಪ್ಲಾಸ್ಟಿಕ್ಕು. ಮೇಲೆ ಬೂದು ಬಣ್ಣ.

"ಪ್ಲಾಸ್ಟಿಕ್ಕು..." ಎಂದರು ಅಪ್ಪ. ಮೂವತ್ತು ವರ್ಷ, ಪ್ರತಿ ಜೂನಿನಲ್ಲೂ, ಅವಾಹಕಗಳಿಗೆ ಉದಾಹರಣೆ ಕೊಡಿ ಎಂದು ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರೋ. ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಹತ್ತು ಹನ್ನೆರಡು ವರ್ಷ ನಾವೆಲ್ಲ ಮಣೆ ಮೇಲೆ ನಿಂತಿದ್ದು ಈ ಗಂಟಿಗಾಗಿ.

ಇಂಥ ಅವಕಾಶ ಮಿಮಿಕ್ರಿ ಮಾಡುವವನಿಗೆ ಜನ್ಮದಲ್ಲೊಮ್ಮೆ. ನನ್ನ ನಾಲಗೆ ತುರಿಸಿದ್ದೂ ನಿಜ. ಆದರೆ ಅಪ್ಪನ ಕೈ ನೋಡಿದೆ. ಕೊಡವುವುದಕ್ಕೆ ಮೇಲೆತ್ತಿದ್ದ ಕೈ ಹಾಗೇ ನಿಂತಿತ್ತು.

ನಂಜುಂಡಣ್ಣನೇ ನನ್ನ ಕಡೆ ತಿರುಗಿದರು. "ಏನಪ್ಪ, ನನ್ ಥರ ಮಾತಾಡ್ತೀಯಂತೆ? ನಿಮ್ ಭಾವ ಹೇಳ್ತಿದ್ರು. ಎಲ್ಲಿ, ಮಾಡು ನೋಡಾನ."

ನೆಲ ನೋಡಿದೆ. "ಬೇಡಣ್ಣ."

"ಮಾಡಪ್ಪ, ಮಾಡು."

ಮಾಡಿದೆ. "ಹೋಗ್‌ಬುಟ್ಟೈತೆ ಮೇಷ್ಟ್ರೇ, ಹೋಗ್‌ಬುಟ್ಟೈತೆ. 'ಮಗು ಐತೆ ಮನೇಲಿ.'" ಆವತ್ತು ಊಟದ ಹೊತ್ತಿನಲ್ಲಿ ಈ ಕೊನೆಯ ಮಾತನ್ನು ನಾನು ಬಿಟ್ಟುಬಿಟ್ಟಿದ್ದೆ. ಅದರಲ್ಲಿ ನಗು ಇರಲಿಲ್ಲವಲ್ಲ. ಈಗಲೂ ಯಾರೂ ನಗಲಿಲ್ಲ.

"ಸೇಮ್ ಟು ಸೇಮ್," ಎಂದರು ನಂಜುಂಡಣ್ಣ, ನಿಜವಾಗಿಯೂ ಮೆಚ್ಚಿ. "ಎಲ್ಡೆಲ್ಡ್ ಸಲ ಯಾಕ್ ಹೇಳ್ತೀನಿ ಗೊತ್ತಾ? ಒಂದ್ಸಲ ಹೇಳುದ್ರೆ ಜನ ಕೇಳಲ್ಲ." ಟೆಸ್ಟರನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿಕೊಂಡರು. "ಎಲ್ಡ್ ಸಲ ಹೇಳುದ್ರೂ ಕೇಳಲ್ಲ, ಅದ್ ಬ್ಯಾರೆ ಮಾತು."

ಹಿತ್ತಿಲಲ್ಲಿ ಆಳೆತ್ತರದ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು ಹೊಸ ಅರ್ಥಿಂಗ್ ಕೊಟ್ಟರು. ಅದು ಒಣಗಬಾರದೆಂದು ಅಪ್ಪ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕುತ್ತಾರೆ, ತುಳಸಿಗೆ ಹಾಕಿದ ಮೇಲೆ. ಕಿತ್ತ ತೇಗದ ಪಟ್ಟಿಗಳನ್ನು ಎಸೆಯಲಿಲ್ಲ, ಅಟ್ಟದ ಮೇಲಿವೆ. ಮಣೆ ದೇವರಮನೆಗೆ ವಾಪಸು ಹೋಯಿತು. ಅದರ ತಪ್ಪೇನೂ ಇರಲಿಲ್ಲ.

ಅಕ್ಕ ಪುಟ್ಟಿಯನ್ನು ಕರೆದುಕೊಂಡು ಮತ್ತೆ ಬಂದಾಗ ಮಗುವಿಗೆ ವರ್ಷ ತುಂಬಿತ್ತು, ತಟ್ಟಾಡಿಕೊಂಡು ನಡೆಯುತ್ತಿದ್ದಳು. ಅಪ್ಪ ಬಾಗಿಲಲ್ಲೇ ಅವಳನ್ನು ಎತ್ತಿಕೊಂಡು ಫ್ರಿಜ್ಜಿನ ಮುಂದೆ, ಬರೀ ನೆಲದ ಮೇಲೆ, ಬರಿಗಾಲಲ್ಲಿ ಇಳಿಸಿದರು. ಪರೀಕ್ಷೆ ಮಾಡಿ ನೋಡದೆ ಅವರು ಯಾವುದನ್ನೂ ಒಪ್ಪುವವರಲ್ಲ. ಮೊದಲೇ ತಾವು ಹತ್ತು ಸಲ ಬರಿಗಾಲಲ್ಲಿ ನಿಂತು ಮುಟ್ಟಿದ್ದರು. ಆದರೂ ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು.

ಪುಟ್ಟಿ ಫ್ರಿಜ್ಜನ್ನು ನೋಡಿದಳು. ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಪುಟ್ಟ ಕೈ ಮುಂದೆ ಚಾಚಿ, ಅಂಗೈಯನ್ನು ತಿರುಗಿಸಿ, ಹಿಂಬದಿಯಿಂದ ಮೆಲ್ಲಗೆ ಸವರಿದಳು. ಯಾರೂ ಹೇಳಿಕೊಟ್ಟಿದ್ದಲ್ಲ. ಹುಟ್ಟಿದ ಮೇಲೆ ಆ ಮನೆಯಲ್ಲಿ ಕಂಡಿದ್ದೇ ಅದು.

ಆಮೇಲೆ ಅವಳು ಕತ್ತು ಬಿಗಿದು, ಬಾಯಿ ಎಡಕ್ಕೆ ಸೊಟ್ಟ ಮಾಡಿ, ನಾಲ್ಕು ಹಲ್ಲು ಕಚ್ಚಿ, "ಗ್ಗ್‌ಗ್‌ಗ್ಗ" ಎಂದಳು.

"ಅಯ್ಯ, ಇದ್ಯಾರ್ದೇ?" ಎಂದು ಅಮ್ಮ ನಕ್ಕಳು. ಅಪ್ಪನಿಗೆ ಗೊತ್ತಾಗಲಿಲ್ಲ. ಅಕ್ಕನಿಗೂ ಗೊತ್ತಾಗಲಿಲ್ಲ. ಅವರೆಲ್ಲ ಆವತ್ತು ಬೇರೆ ಕೋಣೆಗಳಲ್ಲಿದ್ದರು; ಸದ್ದು ಕೇಳಿದ್ದರು, ಮುಖ ನೋಡಿರಲಿಲ್ಲ. ನನಗೆ ಗೊತ್ತಾಯಿತು.

ಮೂಲೆಯಿಂದ ಅಜ್ಜಿಯ ಮುದ್ದೆ ಕೋಲು ಮೇಲೆದ್ದಿತು. ಸದ್ದು ಕೇಳಿಸದಿದ್ದರೂ ಅವಳಿಗೆ ಮುಖ ಕಂಡಿತ್ತು. ಕೋಲಿನ ಸೀಳುತುದಿ ಸೀದಾ ನನ್ನ ಎದೆಯ ಕಡೆ ತಿರುಗಿತು.

"ಇವ್ನು ಕಣೇ!" ಎಂದಳು ಅಜ್ಜಿ. "ಇವ್ನೇ! ಥೇಟ್ ಇವ್ನೇ!"

ಜೀವಮಾನದಲ್ಲಿ ಮೊದಲ ಸಲ, ಅಜ್ಜಿ ಮಿಮಿಕ್ರಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.